ಅಕ್ಕೋರು ಇಟ್ಟ ಹೆಸರುಗಳು

ನೀಲಮ್ಮ ಅಕ್ಕೋರು ನನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಇಟ್ಟಿದ್ದ ‘ಹೊರ್ತಿ ಯಲ್ಲವ್ವ’ ಎಂಬ ಫೈಲು ತೆರೆದರೆ ಚಂದ್ರನ ಮೇಲೆ ಇಳಿದ ಮಂಗ ಕಾಣುತ್ತಿತ್ತು. ‘ಅಳಬುರಕ ಸಿದ್ದ’ ತೆರೆದರೆ ಕುದುರೆಯಿಂದ ಬೀಳುವ ರಾಜ. ಒಳಗೆ ಯಲ್ಲವ್ವನೂ ಇಲ್ಲ, ಸಿದ್ದನೂ ಇಲ್ಲ. ನನಗೆ ತಲೆಬುಡ ತಿಳಿಯುತ್ತಿರಲಿಲ್ಲ.

ಹಳ್ಳಿಯ ಶಾಲೆಗಳಲ್ಲಿ ಕನ್ನಡ ಕಲಿಸಿ ನಿವೃತ್ತರಾಗಿ ಇಂಡಿ ಪಟ್ಟಣದಲ್ಲಿ ನೆಲೆಸಿದ್ದವರು ಅವರು. ತಾವು ಕೂಡಿಟ್ಟ ಮುನ್ನೂರು ಚಿತ್ರಕಥೆ ಪುಸ್ತಕಗಳ ಹಾಳೆ ಪುಡಿಯಾಗತೊಡಗಿದಾಗ ನನ್ನ ಝೆರಾಕ್ಸ್ ಅಂಗಡಿಗೆ ತಂದು ಸ್ಕ್ಯಾನ್ ಮಾಡಿಸಿದರು. ಹೆಸರು ಮಾತ್ರ ತಾವೇ ಒಂದು ಬೆರಳಿನಲ್ಲಿ ಕುಟ್ಟುತ್ತಿದ್ದರು.

“ಅಕ್ಕೋರ, ಹಿಂಗಾದ್ರ ನಾಳೆ ಒಂದೂ ಸಿಗಂಗಿಲ್ರಿ. ಮಾಲಿಕೆ ಹೆಸರು, ಆಮ್ಯಾಲ ನಂಬರ್ ಇರಬೇಕು. ಎರಡಕ್ಕ ಸೊನ್ನೆ ಸೊನ್ನೆ ಎರಡು ಅಂತ ಬರೀಬೇಕು. ಇಲ್ಲಂದ್ರ ಎರಡಕ್ಕಿಂತ ಮೊದಲ ಹತ್ತು ಬಂದು ಕುಂದರತೈತಿ.”

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಇದಕ್ಕ ಎಣಿಕಿ ಕಲಿಸಿದವ್ರು ಯಾರೋ ತಮ್ಮಾ?”

ಅವರು ತಂಗಿಯ ಮನೆಗೆಂದು ಮುದ್ದೇಬಿಹಾಳಕ್ಕೆ ಹೋದ ವಾರ, ಉಪಕಾರವೆಂದೇ ತಿಳಿದು, ಹಳೆಯವನ್ನು ಎಲ್ಲೂ ಬರೆದಿಡದೆ, ಎಲ್ಲ ಹೆಸರು ಬದಲಿಸಿದೆ. ಮುನ್ನೂರೂ ಸಾಲಾಗಿ ನಿಂತವು.

ಮರಳಿ ಬಂದ ಮೇಲೆ ಒಂದು ದಿನ ಅಕ್ಕೋರು ಒಬ್ಬ ಹೆಂಗಸನ್ನೂ ಆಕೆಯ ಮಗಳನ್ನೂ ಕರೆತಂದರು.

“ನಾ ಹೊರ್ತಿ ಯಲ್ಲವ್ವ ರೀ. ನಾ ಓದಾಕ ಕಲ್ತ ಪುಸ್ತಕ ಬೇಕಾಗಿತ್ರಿ. ನನ್ನ ಮಗಳಿಗೂ ಅಕ್ಷರ ಕೂಡ್ಸಾಕ ಬರವಲ್ದು.”

ಅಕ್ಕೋರು ಪರದೆಯನ್ನು ಮೇಲಿಂದ ಕೆಳಗೆ ನೋಡಿದರು, ಮತ್ತೆ ನೋಡಿದರು. “ಯಾವ ಕೂಸಿಗೆ ಯಾವ ಪುಸ್ತಕದಾಗ ಓದು ಹತ್ತಿತೋ, ಅದಕ್ಕ ಆ ಕೂಸಿನ ಹೆಸರಿಟ್ಟಿದ್ದೆ. ಎಲ್ಲೆ ಹೋದುವೋ ತಮ್ಮಾ?”

ಯಲ್ಲವ್ವನ ಫೈಲಿನಲ್ಲಿ ಮಂಗ ಇದ್ದದ್ದು ನನಗೆ ನೆನಪಿತ್ತು. ಮಂಗನನ್ನು ಹೇಗೋ ಹುಡುಕಿ ತೆಗೆದೆ. ಆ ಹುಡುಗಿ ಪರದೆಗೆ ಬೆರಳಿಟ್ಟು “ಮಂ... ಗ” ಎಂದಳು. ಯಲ್ಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಕ್ಕೋರು ನನ್ನನ್ನು ಬೈಯಲಿಲ್ಲ. ಹಾಳೆ ಕೇಳಿ ಪಡೆದು, ನೆನಪಾದ ಮಕ್ಕಳನ್ನೂ ಅವರವರ ಕಥೆಯನ್ನೂ ಬರೆಯತೊಡಗಿದರು. ಒಂದು ಪುಟ ತುಂಬಿತು. ಪೆನ್ನು ನಿಂತಿತು. “ಕೂಸುಗಳ ಮಾರಿ ಕಣ್ಣಮುಂದ ಕಾಣ್ತಾವು, ಹೆಸರು ಬರವಲ್ವು” ಎಂದರು. ಮತ್ತೊಂದು ಪುಟ ಆಗಲೇ ಇಲ್ಲ. ಆ ಮಳೆಗಾಲದಲ್ಲೇ ಅವರು ತೀರಿಕೊಂಡರು.

ನಾನು ಮಾಡಿದ್ದು ಸರಿಯೋ ತಪ್ಪೋ, ಇಂದಿಗೂ ಗೊಂದಲ. ಅಕ್ಕೋರು ಕಲಿಸಿದ ಹೊರ್ತಿ, ಲಚ್ಯಾಣದ ಕಡೆಯವರು ಅಂಗಡಿಗೆ ಬಂದರೆ “ನಿಮಗ ಓದಾಕ ಕಲಿಸಿದವ್ರು ಯಾರ್ರಿ?” ಎಂದು ಕೇಳುತ್ತೇನೆ. ಹೆಚ್ಚಿನವರು ನಗುತ್ತಾರೆ. ಮೊನ್ನೆ, ಆಧಾರ್ ಝೆರಾಕ್ಸಿಗೆ ಬಂದ ಒಬ್ಬ ಲಾರಿ ಡ್ರೈವರ್ ಮಾತ್ರ, “ನೀಲಮ್ಮ ಅಕ್ಕೋರು” ಎಂದ. ಯಾವ ಪುಸ್ತಕವೆಂದು ಅವನಿಗೆ ನೆನಪಿರಲಿಲ್ಲ. ಪಕ್ಕದಲ್ಲಿ ಕುರ್ಚಿ ಹಾಕಿ ಕೂರಿಸಿ, ಒಂದೊಂದೇ ಚಿತ್ರಕಥೆ ತೆರೆದು ತೋರಿಸತೊಡಗಿದೆ.