ಬಾವಿಯೊಳಗಿನ ಹಳೆಯ ಮಳೆ

ಆಟೊದವನು ಹಾರ್ನ್ ಹೊಡೆದ ಗಡಿಬಿಡಿಯಲ್ಲಿ ನನ್ನ ಆಸಿಡ್ ಬಾಟಲಿ ಜಲನಗರದ ಮನೆಯಲ್ಲೇ ಉಳಿದಿತ್ತು. ತಿಕೋಟಾದಲ್ಲಿ ಬಸ್ಸಿಳಿದು, ದ್ರಾಕ್ಷಿ ತೋಟ ಹೊಕ್ಕು, ಹೊಸ ಬಾವಿಯ ದಂಡೆಯ ಮೇಲೆ ಚೀಲ ಬಿಚ್ಚಿದಾಗಲೇ ಅದು ಗೊತ್ತಾದದ್ದು.

ಮನುಷ್ಯರು ಹುಟ್ಟುವ ಮೊದಲು ಇಲ್ಲಿ ಮಳೆ ಹೇಗಿತ್ತು ಎಂದು ಹಳೆಯ ಮಣ್ಣಿನ ರಸಾಯನದಿಂದ ಹುಡುಕುವುದು ನನ್ನ ಕೆಲಸ. ನಮ್ಮ ಕಡೆ ಎರಡು ಕರಿಕಲ್ಲಿನ ಹಾಸುಗಳ ನಡುವೆ ಒಮ್ಮೊಮ್ಮೆ ಕೆಂಪು ಪದರು ಸಿಗುತ್ತದೆ. ಒಂದು ಲಾವಾ ಆರಿ, ಮಣ್ಣಾಗಿ, ಮಳೆ ಉಂಡು, ಮತ್ತೊಂದು ಲಾವಾದಡಿ ಮುಚ್ಚಿಹೋದ ನೆಲ ಅದು. ಎರಡು ವರ್ಷ ರಸ್ತೆ ಬದಿಯಲ್ಲಿ ಕೆದಕಿದ್ದೆ. ಸಿಕ್ಕದ್ದೆಲ್ಲ ಈಗಿನ ನೀರು ಇಳಿದು ಕೆಟ್ಟದ್ದೇ. ಬಾವಿಯಲ್ಲಿ ಕೆಂಪು ಮಣ್ಣು ಬಂತೆಂದು ತೋಟದ ಯಜಮಾನರು ಫೋನ್ ಮಾಡಿದಾಗ ಓಡಿ ಬಂದಿದ್ದೆ.

ಅವರು ಕೊಟ್ಟ ಹೆಂಟೆಯಲ್ಲಿ ಕಡಲೆಗಾತ್ರದ ಬಿಳಿ ಗಂಟುಗಳಿದ್ದವು. ಸುಣ್ಣದವಾದರೆ ಅವುಗಳಲ್ಲಿ ಹಳೆಯ ಮಳೆಯ ಗುರುತಿರುತ್ತದೆ. ಬೇರೆ ಹರಳಾದರೆ ನನಗೆ ಉಪಯೋಗವಿಲ್ಲ. ಆಸಿಡ್ ಹನಿಸಿದರೆ ಸುಣ್ಣ ನೊರೆಯುಕ್ಕುತ್ತದೆ. ಅದೇ ಇಲ್ಲ! ಅಳುವುದೊಂದು ಬಾಕಿ.

ಯಜಮಾನರ ತಾಯಿ, ಹಣ್ಣು ಹಣ್ಣು ಮುದುಕಿ ಆಯಿ, ಪಕ್ಕದಲ್ಲೇ ಒಣದ್ರಾಕ್ಷಿಯ ಕಡ್ಡಿ ಆರಿಸುತ್ತಿದ್ದರು. "ಯಾಕಬೇ ಯವ್ವಾ, ಏನ ಕಳಕೊಂಡಿ?"

"ಕಲ್ಲಿಗೆ ಹಾಕೂ ಹುಳಿ ಬಿಟ್ಟು ಬಂದೀನ್ರಿ, ಆಯಿ."

"ಹುಳಿ ಬೇಕಾದ್ರ ಇಷ್ಟ್ಯಾಕ ಮಾರಿ ಸಣ್ಣ ಮಾಡ್ತಿ? ನಿಂಬಿಹಣ್ಣ ಐತಿ, ತಗೋ."

ಚಾಕುವಿನಿಂದ ಗಂಟು ಕೆರೆದು ಪುಡಿ ಮಾಡಿದೆ. ಆಯಿ ನಿಂಬೆಹಣ್ಣು ಹಿಂಡಿದರು. ಯಜಮಾನರೂ ಸೇರಿ ಮೂವರೂ ಬಗ್ಗಿದೆವು. ಮೊದಲು ಏನೂ ಆಗಲಿಲ್ಲ. ಆಮೇಲೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಎದ್ದವು.

"ಅಯ್ಯ, ಉಸರ ಬಿಡಾಕತ್ತೈತಿ!" ಎಂದರು ಆಯಿ. ನಾನು ಅವರನ್ನು ತಬ್ಬಿಕೊಂಡೇ ಬಿಟ್ಟೆ.

ಮಧ್ಯಾಹ್ನ ರೊಟ್ಟಿ, ಶೇಂಗಾ ಹಿಂಡಿ. ನಿಮ್ಮ ಲ್ಯಾಬಿನಲ್ಲಿ ಇನ್ನೇನು ನೋಡುತ್ತೀರಿ ಎಂದು ಆಯಿ ಕೇಳಿದರು. ಶನಿಯ ಸುತ್ತ ತಿರುಗುವ ಒಂದು ಚಂದ್ರನ ಬಗ್ಗೆ ಹೇಳಿದೆ. ಮೇಲೆ ಬರೀ ಮಂಜುಗಡ್ಡೆ, ಅದರಡಿ ಸಮುದ್ರ. ಬಿರುಕಿನಿಂದ ಚಿಮ್ಮುವ ಆ ನೀರಿನಲ್ಲಿ ಏನೇನಿದೆ, ಜೀವ ಬದುಕೀತೇ ಎಂದು ನನ್ನ ಜೊತೆಯವರು ಹುಡುಕುತ್ತಾರೆ.

"ಉಪ್ಪ ಐತೇನ ಅದರಾಗ?"

"ಐತ್ರಿ. ಸೋಡಾನೂ ಐತಿ."

"ಒಲಿ?"

"ತಳದಾಗ ಬಿಸಿ ಐತಿ ಅಂತಾರ್ರಿ."

"ಹಂಗಾರ ಯಾರರ ಇದ್ದಾರು ಬಿಡು. ನೀರು, ಉಪ್ಪು, ಒಲಿ ಇದ್ದ ಮನಿ ಖಾಲಿ ಇರೂದಿಲ್ಲ."

ಇಷ್ಟು ಸಲೀಸಾಗಿ ಈ ಮಾತನ್ನು ನಾನು ಯಾವ ತರಗತಿಯಲ್ಲೂ ಹೇಳಿರಲಿಲ್ಲ.

ನಾಲ್ಕು ತಿಂಗಳಿಗೆ ಫಲಿತಾಂಶ ಬಂತು. ಗಂಟುಗಳು ಕೆಟ್ಟಿರಲಿಲ್ಲ. ಫೋನಿನಲ್ಲಿ ಹೇಳಲು ಮನಸ್ಸಾಗದೆ ಮತ್ತೆ ಬಸ್ ಹತ್ತಿದೆ.

"ಗೊತ್ತಾತ್ರಿ ಆಯಿ. ಆಗ ಇಲ್ಲಿ ಕೆಲವು ತಿಂಗಳು ಮಳಿ, ಉಳಿದದ್ದು ಬಿಸಲ."

"ಚಲೋ ಮಳಿ?"

"ಚಲೋ ಮಳೀನ್ರಿ."

ಆಯಿ ಮನೆಯ ಕಡೆ ತಿರುಗಿ ಕೂಗಿದರು: "ಏ, ಕೇಳಿದ್ರೇನ! ನಮ್ಮ ಹೊಲದಾಗ ಚಲೋ ಮಳಿ ಆಗೇತಂತ!"

ಇಬ್ಬರು ಸೊಸೆಯಂದಿರು ಓಡಿ ಹೊರಬಂದು ಮುಗಿಲು ನೋಡಿದರು.