ವಾರಕ್ಕೊಮ್ಮೆ ಕುಟ್ಟಿಸುವ ಕಲ್ಲು

ಕಲ್ಲಿನ ಬಾಯಿಂದ ಆಗತಾನೆ ಉದುರಿದ ರಾಗಿಹಿಟ್ಟಿಗೆ ಒಂದು ಬಿಸಿ ವಾಸನೆ ಇರುತ್ತದೆ. ಚಿಕ್ಕವಳಿದ್ದಾಗ, ಬೀಸುತ್ತಿದ್ದ ಅಜ್ಜಿಯ ತೊಡೆಯ ಮೇಲೆ ಮಲಗಿ, ಎಷ್ಟೋ ಬೆಳಗು ಆ ವಾಸನೆಗೇ ಎದ್ದಿದ್ದೇನೆ. ಐವತ್ತು ವರ್ಷಗಳ ಮೇಲೆ ಅದೇ ವಾಸನೆ ಸಾನಮಾವು ಕಾಡಿನಂಚಿನ ಈ ಹಳ್ಳಿಯಲ್ಲಿ, ಪತ್ರಿಕೆಗೆ ಬರೆಯುವ ನನ್ನನ್ನು ದೊಡ್ಡಮುನಿಯಮ್ಮನ ಬಾಗಿಲಿಗೆ ಎಳೆದು ತಂದಿದೆ.

ಇನ್ನೂ ಬೆಳಕು ಹರಿದಿಲ್ಲ. ಒಂದು ಕಾಲು ಚಾಚಿ ಕೂತು ಆಕೆ ಬೀಸುತ್ತಿದ್ದಾಳೆ. ವಯಸ್ಸು ಐವತ್ತೈದು ದಾಟಿದೆ. ಗಂಡ ತೀರಿಕೊಂಡು ಇಪ್ಪತ್ತು ವರ್ಷ. ಹೊಸೂರಿನ ಹಿಟ್ಟಿನ ಮಿಷನ್ನಿಗೆ ಹೊತ್ತುಕೊಂಡು ಹೋಗಿ ಬರಲು ಒಂದು ದಿನ ಬೇಕು, ಹಾಗಾಗಿ ಊರಿನ ರಾಗಿ ಈಕೆಯ ಬಳಿ ಬರುತ್ತದೆ. ದಿನಕ್ಕೆ ಎಂಟು ಸೇರು; ಸೇರಿಗೆ ಒಂದು ಹಿಡಿ ಹಿಟ್ಟು ಕೂಲಿ. ಎಂಟು ಹಿಡಿಯಲ್ಲಿ ಐದು ಮುದ್ದೆ ಆಗುತ್ತವೆ. ನಾಲ್ಕು ಮುದ್ದೆ ಊರಿನ ದಿಕ್ಕಿಲ್ಲದ ನಾಲ್ವರು ಮುದುಕರಿಗೆ, ಒಂದು ತನಗೆ. ಎರಡನೇ ಮಹಾಯುದ್ಧ ಮುಗಿದು ವರ್ಷವಾದರೂ ರೇಷನ್ ಪಡಿಯ ಕಾಲ ಮುಗಿದಿಲ್ಲ. ಕಾರ್ಡಿಗೆ ಸಿಗುವಷ್ಟನ್ನು ಕೊಳ್ಳಲೂ ಕಾಸಿಲ್ಲದವರು ಆ ನಾಲ್ವರು.

"ಮೂರು ಜನ ಕರುದ್ರೆ ಬತ್ತಾರೆ, ಉಣ್ತಾರೆ," ಎನ್ನುತ್ತಾಳೆ. "ಆ ಕೊಂಡಪ್ಪ ಮಾವುನ್ಗೆ ಉಣ್ಸೋದೇ ಕಷ್ಟ ಕಣಮ್ಮ."

ಎಂಬತ್ತರ ಕೊಂಡಪ್ಪನವರದು ಬೀಸುವ ಕಲ್ಲು ಕುಟ್ಟುವ ಕಸುಬು. ಸವೆದು ನುಣುಪಾದ ಕಲ್ಲಿಗೆ ಉಳಿಯೇಟು ಹಾಕಿ ಮತ್ತೆ ಒರಟು ಮಾಡುವ ಕೆಲಸ. ಕೈ ನಡುಗತೊಡಗಿದ ಮೇಲೆ ಯಾರೂ ಕರೆಯುವುದಿಲ್ಲ. ಸುಮ್ಮನೆ ಕೊಟ್ಟ ಅನ್ನವನ್ನು ಅವರು ಮುಟ್ಟುವುದಿಲ್ಲ. ಅದಕ್ಕೇ ಈಕೆ ತನ್ನ ಕಲ್ಲನ್ನು ಪ್ರತಿ ಬುಧವಾರ ಅವರಿಂದ ಕುಟ್ಟಿಸುತ್ತಾಳೆ. ಕೂಲಿ, ಮುಂದಿನ ಬುಧವಾರದವರೆಗೆ ದಿನಕ್ಕೊಂದು ಮುದ್ದೆ. ಆರು ತಿಂಗಳಿಗೊಮ್ಮೆ ಕುಟ್ಟಿಸಿದರೆ ಸಾಕಾದ ಕಲ್ಲು! ಬೆರಳಿಟ್ಟು ನೋಡುತ್ತೇನೆ. ನಾಲ್ಕು ಬೆರಳು ದಪ್ಪವಿದ್ದ ಮೇಲುಗಲ್ಲು ಮೂರು ವರ್ಷದಲ್ಲಿ ಎರಡು ಬೆರಳಾಗಿದೆ. ತನಗಿರುವ ಒಂದೇ ಕಲ್ಲನ್ನು ಒಬ್ಬ ಮುದುಕನ ಮಾನಕ್ಕಾಗಿ ಸವೆಸುತ್ತಿದ್ದಾಳೆ ಈ ಹೆಂಗಸು.

"ಕಲ್ಲು ಒಡೆದು ಹೋದರೆ?" ಎಂದು ಕೇಳುತ್ತೇನೆ.

"ಮಾವನಿಗಿಂತ ಒಂದು ದಿನ ಜಾಸ್ತಿ ಬಾಳಿಕೆ ಬಂದ್ರೆ ಸಾಕಮ್ಮ. ಪೇಪರ್‌ಗೆ ಬರ್ಕೊಳ್ಳಿ, ಮಾವುನ್ಗೆ ಮಾತ್ರ ಗೊತ್ತಾಗ್ಬಾರ್ದು."

ಅದಕ್ಕೇ ಇಲ್ಲಿ ಇಬ್ಬರ ಹೆಸರನ್ನೂ ಬದಲಿಸಿದ್ದೇನೆ.

ಮೊನ್ನೆ ಬುಧವಾರ ಕೊಂಡಪ್ಪನವರ ಕೈಯಿಂದ ಸುತ್ತಿಗೆ ಜಾರಿ ಬಿತ್ತು. ಮತ್ತೆ ಎತ್ತಲಾಗಲಿಲ್ಲ. "ಕೆಲ್ಸ ಇಲ್ಲ, ಕೂಲಿ ಇಲ್ಲ" ಎಂದು ಊಟದ ಗಂಗಳ ಹಿಂದಕ್ಕೆ ತಳ್ಳಿ ಎದ್ದು ಹೋದರಂತೆ. ಇಂದು ಶುಕ್ರವಾರ. ಎರಡು ದಿನದಿಂದ ಬರೀ ನೀರು.

ಬೀಸಿ ಮುಗಿಸಿ, ಮುದ್ದೆ ಕಟ್ಟಿಟ್ಟು, ದೊಡ್ಡಮುನಿಯಮ್ಮ ಒಂದು ವಿಚಿತ್ರ ಕೆಲಸ ಮಾಡುತ್ತಾಳೆ. ಕಲ್ಲು ತಿರುಗಿಸುವ ಗೂಟವನ್ನು ಬಿಗಿಹಿಡಿದ ಬೆಣೆಯನ್ನು ತಾನೇ ಬಡಿದು ಸಡಿಲಿಸುತ್ತಾಳೆ. ನಾನು ಬಾಯಿ ತೆರೆಯುವಷ್ಟರಲ್ಲಿ ಹೊಸಿಲಿಗೆ ಹೋಗಿ ಕೂಗುತ್ತಾಳೆ: "ಮಾವೋ! ಕಲ್ಲು ಯಾಕೋ ಬಡ್ಕೊಂತದೆ, ವಸಿ ನೋಡ್ಬಾ!"

ಕೋಲೂರಿಕೊಂಡು ಕೊಂಡಪ್ಪ ಬರುತ್ತಾರೆ. ಹೆಗಲ ಚೀಲದಲ್ಲಿ ಸುತ್ತಿಗೆ ಇದೆ. "ಕುಟ್ಟಾಕಾಗಾಕಿಲ್ಲ ಅಂತ ಯೋಳ್ಲಿಲ್ವೇನಮ್ಮಿ?"

"ಕುಟ್ಟು ಅಂದ್ನಾ? ಕಿವಿ ನೆಟ್ಟಗೈತಲ್ಲ, ಕೇಳಿ ಯೋಳು."

ಅವರು ಕಲ್ಲಿನ ಪಕ್ಕ ಕೂತು ತಲೆ ವಾಲಿಸುತ್ತಾರೆ. ಆಕೆ ತಿರುಗಿಸುತ್ತಾಳೆ. ಲೊಟಲೊಟ, ಲೊಟಲೊಟ.

"ಬೆಣೆ ಸಡ್ಲಾಗೈತಲ್ಲಮ್ಮಿ! ಮೂವತ್ತು ವರ್ಷ ಬೀಸಿದ್ದೀಯ, ಇಷ್ಟೂ ಗೊತ್ತಾಗ್ಲಿಲ್ವಾ?"

"ನಂಗೇನು ಗೊತ್ತಾಯ್ತದೆ ಮಾವ, ದಡ್ಡಿ ನಾನು."

"ದಡ್ಡೀನೇ!"

ಎರಡೂ ಕೈಯಲ್ಲಿ ಸುತ್ತಿಗೆ ಹಿಡಿದು, ಮೆಲ್ಲಗೆ ಮೂರು ಏಟು ಹಾಕುತ್ತಾರೆ. ಬೆಣೆ ಕೂರುತ್ತದೆ. ಕಲ್ಲು ಸದ್ದಿಲ್ಲದೆ ಸುತ್ತುತ್ತದೆ.

"ನಾನು ಸತ್ರೆ ಈ ಊರೆಲ್ಲ ಹಸಿ ರಾಗಿ ಮುಕ್ಬೇಕು," ಎಂದು ಕೊಂಡಪ್ಪ ನನ್ನ ಕಡೆ ನೋಡಿ ಹೇಳುತ್ತಾರೆ.

ದೊಡ್ಡಮುನಿಯಮ್ಮ ಗಂಗಳಕ್ಕೆ ಮುದ್ದೆ ಇಟ್ಟು, ಹುರುಳಿಸಾರು ಬಿಟ್ಟು, ಅವರ ಮುಂದೆ ಹಿಡಿಯುತ್ತಾಳೆ. ಕೊಂಡಪ್ಪ ಸುತ್ತಿಗೆ ಕೆಳಗಿಟ್ಟು ಎರಡೂ ಕೈ ಚಾಚುತ್ತಾರೆ.