ಅಂಬಮ್ಮನ ಸಿಂಗಾಪುರದ ತಯಾರಿ

ಕಾಲು ತೊಳೆಯದೆ ಅಂಬಮ್ಮ ಒಲೆಯ ಮುಂದೆ ಕೂತವಳಲ್ಲ. ನಸುಕಿನಲ್ಲಿ ಲಿಂಗಪೂಜೆ ಮುಗಿಸಿ, ಸಿಂಧನೂರಿನ ಶಿವಶರಣಪ್ಪ ಸಾವ್ಕಾರರ ಹಿತ್ತಲಿನ ನಳದ ಕೆಳಗೆ ನಿಂತು ಹಿಮ್ಮಡಿ ತಿಕ್ಕುತ್ತಾಳೆ. ಒಂದೊಂದು ಬೆರಳ ಸಂದಿಗೂ ನೀರು ಬಿಟ್ಟು, ಆಮೇಲೆಯೇ ಅಡುಗೆಮನೆಯ ಹೊಸ್ತಿಲು ದಾಟುತ್ತಾಳೆ. ಜ್ವರ ಬಂದ ದಿನವೂ ಇದು ತಪ್ಪಿಲ್ಲ. ಮೊದಲು ಹತ್ತು ಬೆರಳು ತೊಳೆಯುತ್ತಿದ್ದಳು. ಹೋದ ವರ್ಷದಿಂದ ಎಂಟು. ಉಳಿದೆರಡು ಸಿಂಗಾಪುರದ ತಯಾರಿಯಲ್ಲಿ ಹೋದವು.

ಅಂಬಮ್ಮ ಮಸ್ಕಿಯವಳು. ಅವಳ ಗಂಡ ಸಾವ್ಕಾರರ ಅಕ್ಕಿ ಗಿರಣಿಯ ಲಾರಿ ಓಡಿಸುತ್ತಿದ್ದ. ಮಂಗಳೂರಿಗೆ ಅಕ್ಕಿ ಇಳಿಸಿ ಬಂದಾಗಲೆಲ್ಲ ಅವನ ಬಾಯಲ್ಲಿ ಸಮುದ್ರದ ಮಾತೇ. ಒಂದು ಸಲ ಕರೆದೊಯ್ಯುತ್ತೇನೆ ಎನ್ನುತ್ತಲೇ ಇದ್ದವನು ಹೊಟ್ಟೆಬೇನೆಯಲ್ಲಿ ತೀರಿಕೊಂಡ. ಆಕೆ ಸಾವ್ಕಾರರ ಮನೆಯಲ್ಲಿ ರೊಟ್ಟಿ ಬಡಿಯಲು ನಿಂತು ಹದಿನೆಂಟು ವರ್ಷವಾಯಿತು. ಸಮುದ್ರ ನೋಡಬೇಕೆಂಬ ಆಸೆ ಮಾತ್ರ ಗಂಡನ ಜೊತೆ ಹೋಗಲಿಲ್ಲ.

ಹೋದ ವರ್ಷ ನಾಲ್ಕು ಗಿರಣಿ ಮನೆತನದವರು ಕೂಡಿ ಸಿಂಗಾಪುರಕ್ಕೆ ಹೋಗುವುದೆಂದು ಗೊತ್ತು ಮಾಡಿದರು. ಊಟದ್ದೇ ಚಿಂತೆಯಾಯಿತು. ಹೊರಗಿನ ಅನ್ನ ಮುಟ್ಟದ ಮಂದಿ. ಅಡುಗೆಮನೆ ಇರುವ ವಸತಿ ಹಿಡಿದು ಅಂಬಮ್ಮನನ್ನೇ ಕರೆದೊಯ್ಯೋಣ ಎಂದಳು ಸಾವ್ಕಾರರ ಹೆಂಡತಿ ಭಾಗ್ಯಶ್ರೀ. ಅಲ್ಲಿ ಸಮುದ್ರ ಐತೇನ್ರಿ ಅಕ್ಕಾರ, ಎಂದಷ್ಟೇ ಅಂಬಮ್ಮ ಕೇಳಿದಳು. ಸುತ್ತಾ ಅದೇ ಐತಿ, ಎಂದಳು ಭಾಗ್ಯಶ್ರೀ. ರಾಯಚೂರಿಗೆ ಹೋಗಿ ಪಾಸ್‌ಪೋರ್ಟಿಗೆ ಹೆಬ್ಬೆರಳು ಕೊಟ್ಟು ಬಂದ ದಿನ ಅಂಬಮ್ಮ ಮಸ್ಕಿಯ ಓಣಿಗೆಲ್ಲ ಹೇಳಿಕೊಂಡಳು.

ಪ್ರವಾಸದ ಏಜೆಂಟನೊಬ್ಬ ಮನೆಗೇ ಬಂದು, ಏನೇನು ಒಯ್ಯಬೇಕು, ಹೇಗೆ ನಡೆದುಕೊಳ್ಳಬೇಕು ಎಂದು ಒಂದು ತಾಸು ತಿಳಿಹೇಳಿದ. ನಾಲ್ಕೂ ಮನೆಯವರು ಮೊಬೈಲ್ ನೋಡುತ್ತ ಕೂತಿದ್ದರು. ಬಾಗಿಲ ಸಂದಿಯಲ್ಲಿ ನಿಂತು ಕಿವಿಗೊಟ್ಟು ಕೇಳಿದವಳು ಅಂಬಮ್ಮ ಒಬ್ಬಳೇ. ಮರುದಿನದಿಂದಲೇ ಶುರುಮಾಡಿದಳು. ಪಾಸ್‌ಪೋರ್ಟಿನ ಜೆರಾಕ್ಸ್ ತೆಗೆಸಿ ಬೇರೆ ಚೀಲದಲ್ಲಿ ಇಟ್ಟಳು. ಇಳಿಯುವ ವಸತಿಯ ವಿಳಾಸ ಬರೆಸಿ ಸೊಂಟದ ಸಂಚಿಗೆ ಸೇರಿಸಿದಳು. ನೂರು ಚೀಲದ ನಡುವೆಯೂ ಗುರುತು ಸಿಗಲೆಂದು ತನ್ನ ಚೀಲದ ಹಿಡಿಗೆ ಕೆಂಪು ಅರಿವೆ ಕಟ್ಟಿದಳು. ಬೂಷ್ಟು ಹಿಡಿಯಬಾರದೆಂದು ರೊಟ್ಟಿಗಳನ್ನು ಎರಡೆರಡು ಸಲ ಬಿಸಿಲಿಗೆ ಹಾಕಿ ಕಟಕ್ ಮಾಡಿದಳು. ತಪಾಸಣೆಯ ಯಂತ್ರ ಕೂಗುತ್ತದೆಂದು ಬೆಳ್ಳಿಯ ಕರಡಿಗೆ ತೆಗೆದಿಟ್ಟು ಲಿಂಗವನ್ನು ವಸ್ತ್ರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡಳು. ಅಲ್ಲಿ ಜಗಿಯುವ ತಂಬಾಕು ನಡೆಯುವುದಿಲ್ಲ ಎಂದಿದ್ದನಲ್ಲ, ಇಪ್ಪತ್ತು ವರ್ಷದ ಚಟವನ್ನೂ ಬಿಟ್ಟಳು. ಎಂಟು ದಿನ ಕೈ ನಡುಗಿತು, ರೊಟ್ಟಿ ಸೊಟ್ಟಗಾದವು, ಬೈಸಿಕೊಂಡಳು.

ಈ ಶ್ರದ್ಧೆ ಮನೆಯವರಿಗೆ ತಮಾಷೆಯಾಯಿತು. ಒಂದು ಮಧ್ಯಾಹ್ನ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಸೊಂಟಕ್ಕೆ ಚಾದರ ಬಿಗಿದರು.

"ಇದು ವಿಮಾನ. ನಾ ಬಿಚ್ಚು ಅನ್ನೋತನಕ ಏಳಂಗಿಲ್ಲ" ಎಂದರು ಶಿವಶರಣಪ್ಪ.

"ಆಗ್ಲಿ ರೀ."

"ನಡುವ ನೀರಿಗೆ ಹೋಗೋದು ಬಂದ್ರ?"

"ತಡಕೋತೀನ್ರಿ."

ನಗುತ್ತ ನಗುತ್ತ ಎಲ್ಲರೂ ಅರಿವೆ ಅಂಗಡಿಗೆ ಹೋದರು. ಅವಳ ನೆನಪು ಯಾರಿಗೂ ಉಳಿಯಲಿಲ್ಲ. ಮೂರು ತಾಸಿನ ಮೇಲೆ ತಿರುಗಿ ಬಂದಾಗ ಅಂಬಮ್ಮ ಹಾಗೆಯೇ ಕೂತಿದ್ದಳು. "ಪಾಸಾದಿ ಬಿಡವಾ" ಎಂದಳು ಭಾಗ್ಯಶ್ರೀ. ಆ ಮಾತು ಅಂಬಮ್ಮನಿಗೆ ಪ್ರಸಾದದಂತೆ ಹಿತವಾಯಿತು.

ಕಡೆಗೆ ಉಳಿದದ್ದು ಓಡುವ ಮೆಟ್ಟಿಲು. ಸಿಂಗಾಪುರದಲ್ಲಿ ಕಾಲಿಟ್ಟಲ್ಲೆಲ್ಲ ಅದೇ ಎಂದಿದ್ದ ಏಜೆಂಟ. ಶಿವಶರಣಪ್ಪನವರಿಗೆ ಗಿರಣಿಯ ಪಟ್ಟಾ ನೆನಪಾಯಿತು. ಅಕ್ಕಿ ಚೀಲಗಳನ್ನು ಲಾರಿಗೆ ಏರಿಸಲು ಇಳಿಜಾರಾಗಿ ನಿಲ್ಲಿಸಿದ, ಉರುಳೆಗಳ ಮೇಲೆ ಓಡುವ ರಬ್ಬರಿನ ಪಟ್ಟಾ. ಎರಡು ದಿನ ಮೇಸ್ತ್ರಿ ಗೋಪಣ್ಣ ಅದನ್ನು ಸಾವಕಾಶ ಓಡಿಸಿದ. ಅಂಬಮ್ಮ ಕಾಲು ತೊಳೆದುಕೊಂಡು ಬಂದು, ನಮಸ್ಕರಿಸಿ, ಹತ್ತಿ ಇಳಿದಳು. ಹಮಾಲರು ಸಿಳ್ಳೆ ಹೊಡೆದರು.

ಮೂರನೆಯ ದಿನ ಉಳಿದ ಮೂರು ಮನೆಯವರೂ ನೋಡಲು ಬಂದರು. ಭಾಗ್ಯಶ್ರೀ ಮೊಬೈಲ್ ಹಿಡಿದು ನಿಂತಳು.

"ಜೋರ್ ಬಿಡಲೇ ಗೋಪ್ಯಾ. ಸಿಂಗಾಪುರದಾಗ ಹೆಣ ಹೊತ್ತಂಗ ಹೋಗಂಗಿಲ್ಲ ಅದು" ಎಂದರು ಶಿವಶರಣಪ್ಪ.

"ಸಾವ್ಕಾರ್ರ, ಮ್ಯಾಲಿನ ಉರುಳಿ ಮುಚ್ಚೋ ತಗಡು ರಿಪೇರಿಗೆ ಬಿಚ್ಚೈತ್ರಿ. ಇವತ್ತು ಬ್ಯಾಡ್ರಿ."

"ಚೀಲಕ್ಕ ಇಲ್ಲದ ತಗಡು ಇಕಿಗ್ಯಾಕಲೇ? ಬಿಡು ಅಂದ್ರ ಬಿಡು."

ಗೋಪಣ್ಣ ಬಿಟ್ಟ. ಅಂಬಮ್ಮ ಬೀಳದೆ ಮೇಲಿನವರೆಗೂ ಹೋದಳು. ಅಲ್ಲಿ, ಪಟ್ಟಾ ಮಡಚಿ ಒಳಗೆ ಹೋಗುವ ಬಾಯಲ್ಲಿ, ಎಡಗಾಲಿನ ಕಿರುಬೆರಳು ಮತ್ತು ಅದರ ಪಕ್ಕದ್ದು ಸಿಕ್ಕವು. ಅವಳು ಕೂಗಲಿಲ್ಲವಾದ್ದರಿಂದ ಕೆಳಗಿದ್ದವರು ಇನ್ನಷ್ಟು ಹೊತ್ತು ನಗುತ್ತಲೇ ಇದ್ದರು. ಆ ವಿಡಿಯೋ ನಾಲ್ಕೂ ಮನೆಗಳ ಗ್ರೂಪಿನಲ್ಲಿ ಓಡಾಡಿತು. ಕಡೆಯ ತುಣುಕನ್ನು ಮಾತ್ರ ಕತ್ತರಿಸಿದ್ದರು.

ದವಾಖಾನೆಯಲ್ಲಿ ಅವಳು ಡಾಕ್ಟರಿಗೆ ಕೇಳಿದ್ದು ಬೆರಳಿನ ವಿಷಯವಲ್ಲ. "ಇನ್ನ ಹತ್ತೊಂಬತ್ತು ದಿನ ಐತ್ರಿ. ಚಪ್ಪಲಿ ಮೆಟ್ಟಾಕ ಬರ್ತೈತೇನ್ರಿ?" ಡಾಕ್ಟರು ಸಾವ್ಕಾರರ ಮುಖ ನೋಡಿದರು. ಸಾವ್ಕಾರರು ಗಡಿಯಾರ ನೋಡಿಕೊಂಡರು.

ಅದಾದ ನಾಲ್ಕನೆಯ ದಿನ ಲಿಂಗಸುಗೂರಿನಿಂದ ಶಿವಗಂಗಾ ಎಂಬ ಅಡುಗೆಯವಳು ಬಂದಳು. ಹಿಂದೊಮ್ಮೆ ಅರಬರ ಊರಿಗೆ ಕೆಲಸಕ್ಕೆ ಹೊರಟು ನಿಂತವಳು, ಹಾಗಾಗಿ ಪಾಸ್‌ಪೋರ್ಟ್ ಇತ್ತು. ಭಾಗ್ಯಶ್ರೀ ಅವಳನ್ನು ಸೀದಾ ಅಂಬಮ್ಮನ ಮಂಚದ ಹತ್ತಿರ ಕಳಿಸಿದಳು. ಕಲಿತದ್ದನ್ನೆಲ್ಲ ಇಕಿಗೆ ಹೇಳಿಕೊಡು ಎಂದು ಅಪ್ಪಣೆ.

ಅಂಬಮ್ಮ ಒಂದೂ ಬಿಡದೆ ಹೇಳಿಕೊಟ್ಟಳು. ಸಂಚಿಯ ವಿಳಾಸ ಕೊಟ್ಟಳು. ಕೆಂಪು ಅರಿವೆ ಕಟ್ಟಿದ ಚೀಲವನ್ನೂ ರೊಟ್ಟಿಯ ಸಮೇತ ಮುಂದೆ ತಳ್ಳಿದಳು.

"ನಿಮ್ಮ ಚೀಲ ಒಯ್ಯಾಕ ನನಗ ನಾಚಿಕಿ ಬರಾಕತ್ತೈತಿ ಅಕ್ಕಾ" ಎಂದಳು ಶಿವಗಂಗಾ.

"ಚೀಲಕ್ಕೇನು ತಿಳೀತೈತಿ. ಒಯ್ಯಿ."

ಅವರು ಹೋದರು, ಬಂದರು. ಶಿವಗಂಗಾ ಒಬ್ಬಳಿಗೆ ಮಾತ್ರ ಎಲ್ಲಿಯೂ ತೊಡಕಾಗಲಿಲ್ಲ. ಸಾವ್ಕಾರರ ಬೆಳ್ಳಿ ಕರಡಿಗೆಗೆ ಯಂತ್ರ ಕೂಗಿ ಬಿಚ್ಚಿಸಿದ್ದರು. ಭಾಗ್ಯಶ್ರೀಯ ಚೀಲ ಯಾರೋ ತಮ್ಮದೆಂದು ಒಯ್ದಿದ್ದರು. ಸಾಲಿನಲ್ಲಿ ಎರಡು ತಾಸು ನಿಂತು ಮನೆಯವರ ಕಾಲು ಬಾತಿದ್ದವು. ಅಂಬಮ್ಮ ಕೋಲೂರಿಕೊಂಡು ಬಂದು ಒಲೆಯ ಮುಂದೆ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ಸಮುದ್ರವನ್ನು ಭಾಗ್ಯಶ್ರೀ ಮೊಬೈಲಿನಲ್ಲಿ ತೋರಿಸಿದಳು. ಅದರ ಹಿಂದಿನದೇ ಪಟ್ಟಾದ ವಿಡಿಯೋ. ಭಾಗ್ಯಶ್ರೀಯ ಬೆರಳು ತಪ್ಪಿ ತಾಗಿ ಅದೂ ಓಡಿತು.

ಹೋದ ವಾರ ಭಾಗ್ಯಶ್ರೀ ತಾನಾಗಿ ಅಡುಗೆಮನೆಗೆ ಬಂದು ಮಣೆ ಎಳೆದುಕೊಂಡು ಕೂತಳು. ಹದಿನೆಂಟು ವರ್ಷದಲ್ಲಿ ಅದೇ ಮೊದಲು.

"ಅಂಬವ್ವಾ, ದೀಪಾವಳಿಗೆ ದುಬೈಗೆ ಹೊಂಟೀವಿ. ಈ ಸಲ ನೀನ ಬರಬೇಕು. ಪಾಸ್‌ಪೋರ್ಟ್ ಹಂಗ ಐತಲ್ಲ."

ಅಂಬಮ್ಮನ ಕೈ ಹಿಟ್ಟಿನಲ್ಲಿಯೇ ನಿಂತಿತು. "ನಾ ಈಗ ಸಾವಕಾಶ ನಡೀತೀನ್ರಿ ಅಕ್ಕಾರ."

"ನಡಿಯೋದ ಬ್ಯಾಡ. ಟಿಕೀಟಿನಾಗ ನಿನಗ ಗಾಲಿ ಕುರ್ಚಿ ಬರಸ್ತೀವಿ. ಸಿಂಗಾಪುರದಾಗ ನೋಡೀನಲ್ಲ, ಕುರ್ಚ್ಯಾಗಿನ ಮುದುಕನ್ನ ಮುಂದ ಬಿಟ್ರು, ಅವನ ಹಿಂದ ಮನಿ ಮಂದಿ ಏಳೂ ಜನಾನ್ನ ಬಿಟ್ರು. ಸಾಲಿನಾಗ ನಿಂದ್ರೋದ ಇಲ್ಲ. ನೀ ಕುರ್ಚ್ಯಾಗ ಕುಂತ್ರ ನಾವೆಲ್ಲಾ ಸುಸೂತ್ರ. ಕಾಲು ಒಂದೀಟು ಕಾಣೂ ಹಂಗ ಇಟ್ಕೊ, ಅಷ್ಟ." ದನಿ ತಗ್ಗಿಸಿ ಸೇರಿಸಿದಳು. "ಅಲ್ಲೂ ಸಮುದ್ರ ಐತಿ."

ಅಂಬಮ್ಮ ಹಿಟ್ಟನ್ನು ಮತ್ತೆ ಮಿದಿಯತೊಡಗಿದಳು.

"ನಡಕೊಂಡು ಬಾ ಅಂದಿದ್ರ ಬರ್ತಿದ್ದೆ ರೀ."

"ಪುಕ್ಕಟ ಕರಕೊಂಡು ಹೋಗ್ತೀವಿ ಅಂದ್ರ ಇದೆಂಥಾ ಸೊಕ್ಕ ನಿಂದು?"

"ಸೊಕ್ಕಲ್ಲ ರೀ ಅಕ್ಕಾರ. ಕಟಕ್ ರೊಟ್ಟಿ ಎಷ್ಟು ಬೇಕು ಹೇಳ್ರಿ, ಬಡದು ಕೊಡ್ತೀನಿ. ಕುರ್ಚಿ ಒಲ್ಲೆ."